ಎಫೆಕ್ಟ್ಸ್ ಪೆಡಲ್: ಬೆಂಗಳೂರಿನ ಗಿಟಾರ್ ವಾದಕರು ಆರಿಸಿಕೊಂಡ ಬಗೆ

ಎಲೆಕ್ಟ್ರಿಕ್ ಗಿಟಾರಿಗೂ ಆಂಪ್ಲಿಫೈಯರಿಗೂ ನಡುವೆ ನೆಲದ ಮೇಲಿಟ್ಟು, ಕಾಲಿನಿಂದ ಒತ್ತಿ ನಾದವನ್ನು ಬದಲಿಸುವ ಪೆಟ್ಟಿಗೆಗೆ ಎಫೆಕ್ಟ್ಸ್ ಪೆಡಲ್ ಎಂದು ಹೆಸರು. ಫಜ್, ಓವರ್‌ಡ್ರೈವ್, ವಾವಾ, ಕೋರಸ್, ಡಿಲೇ, ರಿವರ್ಬ್ ಇದರ ಮುಖ್ಯ ಬಗೆಗಳು.

ಇವುಗಳಲ್ಲಿ ಫಜ್ ಪೆಡಲಿನ ಹುಟ್ಟಿಗೆ ಕಾರಣ ಕೆಟ್ಟುಹೋದ ಒಂದು ಯಂತ್ರ. ಅಮೆರಿಕದ ನ್ಯಾಶ್‌ವಿಲ್‌ನಲ್ಲಿ ಮಾರ್ಟಿ ರಾಬಿನ್ಸ್ ಅವರ ‘ಡೋಂಟ್ ವರಿ’ ಧ್ವನಿಮುದ್ರಣವಾಗುವಾಗ ಮಿಕ್ಸರಿನ ಒಂದು ಚಾನೆಲ್ ಕೈಕೊಟ್ಟಿತು. ಗ್ರೇಡಿ ಮಾರ್ಟಿನ್ ನುಡಿಸುತ್ತಿದ್ದ ಬೇಸ್ ಗಿಟಾರ್ ಒಡಕು ದನಿಯಲ್ಲಿ ಗುರುಗುಟ್ಟಿತು. ಅದನ್ನು ಅಳಿಸದೆ ಹಾಗೇ ಉಳಿಸಿಕೊಂಡರು. 1961ರಲ್ಲಿ ಹಾಡು ಗೆದ್ದಿತು. ಎಂಜಿನಿಯರ್ ಗ್ಲೆನ್ ಸ್ನಾಡಿ ಆ ಒಡಕನ್ನೇ ಬೇಕೆಂದಾಗ ಬರಿಸಬಲ್ಲ ಟ್ರಾನ್ಸಿಸ್ಟರ್ ಸರ್ಕ್ಯೂಟನ್ನು ರೂಪಿಸಿದರು. ಗಿಬ್ಸನ್ ಕಂಪನಿ 1962ರಲ್ಲಿ ಅದನ್ನು ಮೇಸ್ಟ್ರೊ ಫಜ್-ಟೋನ್ ಹೆಸರಿನಲ್ಲಿ ಮಾರಾಟಕ್ಕಿಟ್ಟಿತು. ಕೊಳ್ಳುವವರು ಮುಗಿಬಿದ್ದದ್ದು ಮಾತ್ರ 1965ರಲ್ಲಿ, ರೋಲಿಂಗ್ ಸ್ಟೋನ್ಸ್ ತಂಡದ ‘ಸ್ಯಾಟಿಸ್‌ಫ್ಯಾಕ್ಷನ್’ ಬಂದ ಮೇಲೆ. 1967ರಲ್ಲಿ ವಾವಾ ಬಂತು. 1977ರಲ್ಲಿ ಜಪಾನಿನ ಬಾಸ್ ಕಂಪನಿ ಅಂಗೈಯಗಲದ ಗಟ್ಟಿ ಪೆಡಲುಗಳನ್ನು ತಂದಿತು.

ಬೆಂಗಳೂರಿನಲ್ಲಿ ಆಗ ಆರಿಸುವ ಮಾತೇ ಇರಲಿಲ್ಲ. 1970ರ ದಶಕದ ಹ್ಯೂಮನ್ ಬಾಂಡೇಜ್‌ನಂಥ ತಂಡಗಳ ಕಾಲದಲ್ಲಿ ವಿದೇಶಿ ಪೆಡಲ್ ಬಂದರೆ ಯಾರದೋ ನೆಂಟರ ಸೂಟ್‌ಕೇಸಿನಲ್ಲಿ ಬರಬೇಕು. ಸಿಕ್ಕಿದ್ದೇ ಸರಿಯಾದ ಪೆಡಲ್. ಅದರ ಜೊತೆ ಬಂದ ಅಮೆರಿಕದ ಅಡಾಪ್ಟರನ್ನು ನಮ್ಮ 230 ವೋಲ್ಟಿಗೆ ಚುಚ್ಚಿದರೆ ಸುಟ್ಟೇ ಹೋಗುತ್ತಿತ್ತು. 9 ವೋಲ್ಟಿನ ಬ್ಯಾಟರಿಯೇ ಗತಿ. 1991ರ ಉದಾರೀಕರಣದ ನಂತರ ಆಮದು ಸಲೀಸಾಯಿತು. 1996ರಲ್ಲಿ ಹುಟ್ಟಿದ ಥರ್ಮಲ್ ಅಂಡ್ ಎ ಕ್ವಾರ್ಟರ್, 1998ರಲ್ಲಿ ಹುಟ್ಟಿದ ಕ್ರಿಪ್ಟೋಸ್ ಎರಡೂ ಇದೇ ಊರಿನ ತಂಡಗಳು. ಮೊದಲನೆಯದರಲ್ಲಿ ಜಾಜ್, ಫಂಕ್ ಬೆರೆತ ತಿಳಿಯಾದ ರಾಕ್. ಎರಡನೆಯದು ಹೆವಿ ಮೆಟಲ್. ಒಬ್ಬರಿಗೆ ಒಪ್ಪುವ ಪೆಡಲ್ ಇನ್ನೊಬ್ಬರಿಗೆ ಒಪ್ಪುವುದಿಲ್ಲ ಎಂದು ತಿಳಿಯಲು ಇವೆರಡನ್ನು ಕೇಳಿದರೆ ಸಾಕು.

ಈಗ ಕಷ್ಟವಿರುವುದು ಆಯ್ಕೆ ಹೆಚ್ಚಾಗಿರುವುದರಲ್ಲಿ. ಹೆಸರಿಗಿಂತ ಮೊದಲು ನುಡಿಸುವ ಜಾಗವನ್ನು ನೋಡಬೇಕು. ಯಲಹಂಕ ಉಪನಗರದ ಪಕ್ಕದ ಅಟ್ಟೂರು ಬಡಾವಣೆಯನ್ನೇ ತೆಗೆದುಕೊಳ್ಳಿ. ಮೂವತ್ತು-ನಲವತ್ತರ ಸೈಟು, ಗೋಡೆಗೆ ತಾಗಿದಂತೆ ಪಕ್ಕದ ಮನೆ. ವಾಲ್ವ್ ಆಂಪ್ಲಿಫೈಯರಿನ ಸಹಜ ಒಡಕು ಬರಬೇಕಾದರೆ ವಾಲ್ಯೂಮ್ ಏರಿಸಲೇಬೇಕು, ಅಲ್ಲಿ ಅದು ಆಗದ ಮಾತು. ಸಣ್ಣ ದನಿಯಲ್ಲೂ ಒಡಕು ಕೊಡುವ ಒಂದು ಓವರ್‌ಡ್ರೈವ್ ಅಂಥ ಕೋಣೆಗೆ ಮೊದಲ ಪೆಡಲ್ ಆಗಬೇಕು, ಮಾರ್ದನಿ ಕೊಡುವ ರಿವರ್ಬ್ ಆಮೇಲೆ. ಜರ್ಮೇನಿಯಂ ಟ್ರಾನ್ಸಿಸ್ಟರಿನ ಹಳೆಯ ಮಾದರಿ ಫಜ್ ಕೊಳ್ಳುವವರು ಅದು ಏಪ್ರಿಲ್ ಸೆಕೆಯಲ್ಲಿ ಒಂದು ದನಿ, ಡಿಸೆಂಬರ್ ಚಳಿಯಲ್ಲಿ ಇನ್ನೊಂದು ದನಿ ಕೊಡುತ್ತದೆಂದು ತಿಳಿದೇ ಕೊಳ್ಳಬೇಕು. ಅಂಥ ಫಜ್ ಅನ್ನು ಪೆಡಲುಗಳ ಸರಣಿಯಲ್ಲಿ ಗಿಟಾರಿನ ಪಕ್ಕಕ್ಕೇ ಜೋಡಿಸಬೇಕು, ಇಲ್ಲವಾದರೆ ಅದರ ಗುಣ ಕೆಡುತ್ತದೆ.

ನಮ್ಮ ಸಂಗೀತ ಬಲ್ಲವರಿಗೆ ಹೆಚ್ಚು ದಕ್ಕುವುದು, ಮೀಟಿದ ಸ್ವರವನ್ನು ತುಸು ತಡವಾಗಿ ಮರಳಿ ಕೇಳಿಸುವ ಡಿಲೇ. ನಿಮಿಷಕ್ಕೆ 120 ಪೆಟ್ಟಿನ ಹಾಡಿನಲ್ಲಿ ಒಂದು ಪೆಟ್ಟು 500 ಮಿಲಿಸೆಕೆಂಡು. ರಾಕ್ ವಾದಕರು ಅದರ ಮುಕ್ಕಾಲು ಭಾಗಕ್ಕೆ, ಅಂದರೆ 375ಕ್ಕೆ ಗುಂಡಿ ತಿರುಗಿಸುವುದು ರೂಢಿ. ಖಂಡ ನಡೆಯಲ್ಲಿ ಪೆಟ್ಟನ್ನು ಐದಾಗಿ ಒಡೆದರೆ ಒಂದೊಂದು ಪಾಲು 100. ಡಿಲೇಯನ್ನು 300ಕ್ಕೆ ನಿಲ್ಲಿಸಿ ಒಂದೇ ಸ್ವರ ಮೀಟಿದರೂ ಮೂರನೆಯ ಪಾಲು ಕಳೆದೊಡನೆ ಅದು ಮರಳಿ ಕೇಳುತ್ತದೆ, ಉಳಿದ ಎರಡು ಪಾಲನ್ನು ಬೆರಳು ತಾನಾಗಿ ತುಂಬುತ್ತದೆ.