ಚೈನ್ ಯಾಕೆ ಸಡಿಲ ಇರಬೇಕು?

ಎರಡು ವರ್ಷದ ಹಿಂದಿನ ಮಾತು. ಹೊಸದಾಗಿ ಬೈಕ್ ಕೊಂಡಿದ್ದೆ. ಹೊಸದು ಅಂದರೆ ನನಗೆ ಹೊಸದು, ಬೈಕು ಮಾತ್ರ ಸೆಕೆಂಡ್ ಹ್ಯಾಂಡು. ಹಂಪ್ ಬಂದಾಗಲೆಲ್ಲ ಚೈನ್ ಕಟಕಟ ಅನ್ನುತ್ತಿತ್ತು. ಇಂಜಿನಿಯರಿಂಗ್ ಓದಿದ ಪ್ರಾಣಿ ನಾನು, ಇಷ್ಟಕ್ಕೆಲ್ಲ ಮೆಕ್ಯಾನಿಕ್ ಹತ್ತಿರ ಹೋಗುವುದೇ ಅಂದುಕೊಂಡು ಒಂದು ಭಾನುವಾರ ಸ್ಪ್ಯಾನರ್ ಹಿಡಿದು ಕೂತೆ. ಚೈನನ್ನು ವೀಣೆಯ ತಂತಿ ಹಾಗೆ ಬಿಗಿ ಮಾಡಿದೆ. ಕಟಕಟ ನಿಂತುಹೋಯಿತು. ಒಂದು ತಿಂಗಳು ಹಾಗೇ ಓಡಾಡಿ, ಗೆಳೆಯನನ್ನು ಹಿಂದೆ ಕೂರಿಸಿಕೊಂಡು ಮೈಸೂರಿಗೆ ಹೊರಟೆ. ಮದ್ದೂರು ದಾಟುವ ಹೊತ್ತಿಗೆ ಇಂಜಿನ್ ಕಡೆಯಿಂದ ಗುಂಯ್ ಅಂತ ಸದ್ದು...

ಮನೆ ಮುಂದೆ ಗಾಡಿ ನಿಲ್ಲಿಸಿದಾಗ ಅಪ್ಪ ಏನೂ ಕೇಳಲಿಲ್ಲ. ಬಗ್ಗಿ, ಚೈನ್ ಕೆಳಗೆ ಎರಡು ಬೆರಳಿಟ್ಟು ಎತ್ತಿ ನೋಡಿದರು. "ಇದೇನೋ ಇದು, ಉಸಿರಾಡೋಕೂ ಜಾಗ ಬಿಟ್ಟಿಲ್ವಲ್ಲೋ" ಅಂದರು. ಗೇರ್‌ಬಾಕ್ಸಿನಲ್ಲಿ ಮುಂದಿನ ಸ್ಪ್ರಾಕೆಟ್ಟಿನ ಬೇರಿಂಗ್ ಹೋಗಿತ್ತು. ದುಡ್ಡು ಹೋದದ್ದಕ್ಕಿಂತ ಮರ್ಯಾದೆ ಹೋದದ್ದೇ ಹೆಚ್ಚು :-)

ಚೈನ್ ಬಿಗಿಯಾಗಿದ್ದಷ್ಟೂ ಒಳ್ಳೆಯದಲ್ಲವೇ? ಈ ಪ್ರಶ್ನೆಗೆ ಉತ್ತರ ಹುಡುಕುತ್ತಾ ಹೋದರೆ ನೂರೈವತ್ತು ವರ್ಷ ಹಿಂದಕ್ಕೆ ಹೋಗಬೇಕಾಯಿತು.

ಕಥೆ ಶುರುವಾಗುವುದು ಬೈಕಿನಿಂದಲ್ಲ, ಬಟ್ಟೆ ಗಿರಣಿಯಿಂದ. ಹ್ಯಾನ್ಸ್ ರೆನಾಲ್ಡ್ ಅಂತ ಸ್ವಿಟ್ಜರ್ಲೆಂಡಿನ ಹುಡುಗ, 1873ರಲ್ಲಿ ಕೆಲಸ ಹುಡುಕಿಕೊಂಡು ಇಂಗ್ಲೆಂಡಿನ ಮ್ಯಾಂಚೆಸ್ಟರಿಗೆ ಬಂದ. 1879ರಲ್ಲಿ ಪಕ್ಕದ ಸಾಲ್ಫರ್ಡ್‌ನಲ್ಲಿ ಗಿರಣಿ ಯಂತ್ರಗಳಿಗೆ ಚೈನ್ ಮಾಡುವ ಸಣ್ಣ ಕಾರ್ಖಾನೆಯೊಂದನ್ನು ಕೊಂಡುಕೊಂಡ. ಆಗಿದ್ದ ಚೈನುಗಳಲ್ಲಿ ಒಂದು ತೊಂದರೆ ಇತ್ತು. ಕೊಂಡಿಯ ತೆಳ್ಳನೆಯ ತಗಡಿನ ಅಂಚೇ ನೇರವಾಗಿ ಪಿನ್ನಿನ ಮೇಲೆ ಉಜ್ಜುತ್ತಿತ್ತು. ಚಾಕುವಿನಿಂದ ಕೊಯ್ದ ಹಾಗೆ ಪಿನ್ನು ಬೇಗ ಸವೆಯುತ್ತಿತ್ತು. 1880ರಲ್ಲಿ ರೆನಾಲ್ಡ್ ಪಿನ್ನಿಗೂ ರೋಲರಿಗೂ ನಡುವೆ ಒಂದು ಪುಟ್ಟ ಕೊಳವೆ, ಅಂದರೆ ಬುಷ್, ಸೇರಿಸಿದ. ಭಾರವೆಲ್ಲ ಅಂಚಿನ ಮೇಲೆ ಬೀಳುವ ಬದಲು ಬುಷ್‌ನ ಅಗಲಕ್ಕೂ ಹಂಚಿಹೋಯಿತು. ಆಗ ಅವನಿಗೆ 28ರ ಆಸುಪಾಸು. (ನನ್ನದೂ ಅದೇ ವಯಸ್ಸು. ನಾನು ಇಲ್ಲಿ ಬೇರಿಂಗ್ ಹಾಳು ಮಾಡಿಕೊಂಡು ಕೂತಿದ್ದೇನೆ.) ಇವತ್ತು ನಮ್ಮ ನಿಮ್ಮ ಬೈಕಿನಲ್ಲಿರುವುದು ಮೂಲತಃ ಅದೇ ಚೈನು.

1885ರಲ್ಲಿ ಕವೆಂಟ್ರಿಯ ಜಾನ್ ಕೆಂಪ್ ಸ್ಟಾರ್ಲಿ ರೋವರ್ ಸೈಕಲ್ ತಂದ ಮೇಲೆ ಹಿಂದಿನ ಚಕ್ರಕ್ಕೆ ಚೈನ್ ಹಾಕುವುದು ರೂಢಿಯಾಯಿತು. ಹಾಗಾದರೆ ಮೋಟರ್‌ಸೈಕಲ್ಲಿಗೂ ತಕ್ಷಣ ಚೈನ್ ಬಂದಿರಬೇಕಲ್ಲ? ಇಲ್ಲ! ಮೊದಮೊದಲ ಗಾಡಿಗಳಲ್ಲಿ ಬಹುಪಾಲು ಬೆಲ್ಟ್. ಆಗಿನ ಇಂಜಿನುಗಳು ಎಳೆಯುತ್ತಿದ್ದುದೇ ಜಗ್ಗಿ ಜಗ್ಗಿ. ಬೆಲ್ಟ್ ಸ್ವಲ್ಪ ಜಾರಿ ಆ ಜಗ್ಗಾಟವನ್ನು ನುಂಗಿಕೊಳ್ಳುತ್ತಿತ್ತು. ಆದರೆ ಮಳೆ ಬಂದರೆ, ಏರು ಬಂದರೆ ಜಾರುವುದೇ ಕೆಲಸ. ಸವಾರ ಕೆಳಗಿಳಿದು ಗಾಡಿಯ ಪಕ್ಕ ಓಡಬೇಕಿತ್ತು.

ಇಂಗ್ಲೆಂಡಿನ ಫೆಲನ್ ಮತ್ತು ರೇನರ್, ಅಮೆರಿಕದ ಇಂಡಿಯನ್ ಕಂಪನಿ, ಇಬ್ಬರೂ 1901ರಲ್ಲೇ ಚೈನ್ ನಂಬಿ ಗಾಡಿ ಮಾಡಿದರು. ಜನ ಒಪ್ಪಲು ಇನ್ನೂ ಹತ್ತು ವರ್ಷ ಬೇಕಾಯಿತು. 1911ರಲ್ಲಿ ಐಲ್ ಆಫ್ ಮ್ಯಾನ್ ಟಿಟಿ ರೇಸನ್ನು ಮೊದಲ ಸಲ ಬೆಟ್ಟದ ದಾರಿಗೆ ಒಯ್ದರು, ಒಂದು ಸುತ್ತೇ ಸುಮಾರು 60 ಕಿಲೋಮೀಟರ್. ಚೈನ್ ಮತ್ತು ಎರಡು ಗೇರ್ ಇದ್ದ ಇಂಡಿಯನ್ ಬೈಕುಗಳು ಸೀನಿಯರ್ ರೇಸಿನ ಮೊದಲ ಮೂರೂ ಸ್ಥಾನ ಬಾಚಿಕೊಂಡವು. ಬೆಲ್ಟಿನವರ ವಾದಕ್ಕೆ ಬೆಟ್ಟವೇ ಉತ್ತರ ಕೊಟ್ಟಿತು. ಅಂದ ಹಾಗೆ, ಬೆಲ್ಟ್ ನುಂಗುತ್ತಿದ್ದ ಜಗ್ಗಾಟವನ್ನು ಇವತ್ತು ಹಿಂದಿನ ಹಬ್ಬಿನೊಳಗಿನ ರಬ್ಬರುಗಳು ನುಂಗುತ್ತವೆ.

ಸರಿ, ಸಡಿಲದ ವಿಷಯ ಎಲ್ಲಿಂದ ಬಂತು? ಆಗಿನ ಗಾಡಿಗಳಿಗೆ ಹಿಂದೆ ಸಸ್ಪೆನ್ಷನ್ನೇ ಇರಲಿಲ್ಲ. ಚಕ್ರವನ್ನು ನೇರ ಫ್ರೇಮಿಗೆ ಬಿಗಿಯುತ್ತಿದ್ದರು. ಹಾಗಾಗಿ ಎರಡು ಸ್ಪ್ರಾಕೆಟ್ಟುಗಳ ನಡುವಿನ ದೂರ ಬದಲಾಗುತ್ತಿರಲಿಲ್ಲ, ಬೆನ್ನುಮೂಳೆ ಮಾತ್ರ ಬದಲಾಗುತ್ತಿತ್ತು! ಎರಡನೇ ಮಹಾಯುದ್ಧದ ನಂತರ ಸ್ವಿಂಗ್ ಆರ್ಮ್ ಸಾಮಾನ್ಯವಾಯಿತು. 1949ರಲ್ಲಿ ಮಾರಾಟಕ್ಕೆ ಬಂದ ರಾಯಲ್ ಎನ್‌ಫೀಲ್ಡ್ ಬುಲೆಟ್ಟಿನಲ್ಲೂ ಅದಿತ್ತು. ಅದೇ ಬುಲೆಟ್ 1955ರಲ್ಲಿ ಮದ್ರಾಸಿಗೆ ಬಂತು.

ಸ್ವಿಂಗ್ ಆರ್ಮ್ ಅಂದರೆ ಬಾಗಿಲಿನ ಹಾಗೆ, ಒಂದು ಕಡೆ ಕೀಲು, ಇನ್ನೊಂದು ಕಡೆ ಚಕ್ರ. ಆದರೆ ಮುಂದಿನ ಸ್ಪ್ರಾಕೆಟ್ ಇರುವುದು ಆ ಕೀಲಿನ ಜಾಗದಲ್ಲಲ್ಲ, ಅದಕ್ಕಿಂತ ಸ್ವಲ್ಪ ಮುಂದೆ. ಚಕ್ರ ಮೇಲೆ ಕೆಳಗೆ ಆಡುವಾಗ ಸ್ಪ್ರಾಕೆಟ್, ಕೀಲು, ಆಕ್ಸಲ್ ಮೂರೂ ಒಂದೇ ಗೆರೆಗೆ ಬಂದ ಕ್ಷಣದಲ್ಲಿ ದೂರ ಅತಿ ಹೆಚ್ಚು. ಚೈನ್ ಅತಿ ಬಿಗಿಯಾಗುವುದು ಆಗಲೇ. ಖಾಲಿ ಗಾಡಿಯಲ್ಲಿ ನಾನು ವೀಣೆ ತಂತಿ ಮಾಡಿದ್ದ ಚೈನು, ಇಬ್ಬರು ಕೂತು ಗುಂಡಿಗೆ ಇಳಿದಾಗ ಎಲ್ಲಿಂದ ಉದ್ದ ತರಬೇಕು? ಬೇರಿಂಗನ್ನು ಎಳೆಯಿತು, ಪಾಪ. ಬೆನ್ನಿಗೆ ಸಿಕ್ಕ ಸುಖಕ್ಕೆ ನಾವು ತೆರುವ ಬಾಡಿಗೆ ಆ ಎರಡು ಬೆರಳಿನ ಸಡಿಲ.

ಇನ್ನೊಂದು ತಪ್ಪು ಕಲ್ಪನೆ, ಚೈನ್ ರಬ್ಬರಿನಂತೆ ಹಿಗ್ಗುತ್ತದೆ ಅನ್ನುವುದು. ಹಿಗ್ಗುವುದಲ್ಲ, ರೆನಾಲ್ಡ್‌ನ ಪಿನ್ನು ಬುಷ್ಷು ಸವೆಯುವುದು. 428 ಅಂತ ಬರೆದ ಚೈನಿನಲ್ಲಿ ಆ 4 ಅಂದರೆ ಇಂಚಿನ ಎಂಟರಲ್ಲಿ ನಾಲ್ಕು ಭಾಗ, ಅರ್ಧ ಇಂಚು, 12.7 ಮಿ.ಮೀ. ಅಂಥ 118 ಕೊಂಡಿ ಸೇರಿ ಸುಮಾರು ಒಂದೂವರೆ ಮೀಟರ್. ಕೊಂಡಿಗೆ 0.1 ಮಿ.ಮೀ. ಸವೆದರೂ ಒಟ್ಟು ಸುಮಾರು 12 ಮಿ.ಮೀ. ಆಯಿತಲ್ಲ! ಅದಕ್ಕೇ ಆಗಾಗ ಚಕ್ರವನ್ನು ಹಿಂದಕ್ಕೆ ಸರಿಸಬೇಕು.

ಸರಿಸುವುದು ಹೇಗೆ? ಬೇರಿಂಗ್ ಕಳೆದುಕೊಂಡು ಕಲಿತದ್ದು ಇಷ್ಟು. ಇಂಜಿನ್ ಆಫ್ ಮಾಡಿ, ನ್ಯೂಟ್ರಲ್‌ನಲ್ಲಿಟ್ಟು ಸೆಂಟರ್ ಸ್ಟ್ಯಾಂಡ್ ಹಾಕಿ. ಗಾಡಿ ಗೇರಿನಲ್ಲಿ ಓಡುತ್ತಿರುವಾಗ ಚೈನ್ ಒರೆಸಲು ಹೋಗಲೇಬೇಡಿ, ಬೆರಳು ಹೋದರೆ ಹೋಯಿತು. ಚಕ್ರವನ್ನು ಕೈಯಲ್ಲಿ ತಿರುಗಿಸುತ್ತಾ ಚೈನ್ ಅತಿ ಬಿಗಿಯಿರುವ ಜಾಗ ಹುಡುಕಿ, ಅಲ್ಲಿ ಅಳೆಯಿರಿ. ಕೆಳಗಿನ ಚೈನಿನ ನಡುಮಧ್ಯ ಮೇಲೆ ಕೆಳಗೆ ಎಷ್ಟು ಆಡುತ್ತದೆ? ಸಾಮಾನ್ಯ ಗಾಡಿಗಳಲ್ಲಿ 20ರಿಂದ 30 ಮಿ.ಮೀ., ಆದರೆ ನಿಮ್ಮ ಗಾಡಿಯ ಪುಸ್ತಕ ಹೇಳಿದ್ದೇ ಅಂತಿಮ. ಆಕ್ಸಲ್ ನಟ್ ಸಡಿಲಿಸಿ, ಎರಡೂ ಬದಿಯ ಅಡ್ಜಸ್ಟರನ್ನು ಕಾಲು ಕಾಲು ಸುತ್ತಿನಂತೆ ಸಮನಾಗಿ ತಿರುಗಿಸಿ. ಬುಲೆಟ್ಟಿನಂತೆ ಬಸವನಹುಳು ಆಕಾರದ ಬಿಲ್ಲೆ ಇದ್ದರೆ ಎರಡೂ ಕಡೆ ಹಲ್ಲು ಎಣಿಸಿ.

ಒಂದು ಬದಿ ಹೆಚ್ಚಾದರೆ ಚಕ್ರ ಸೊಟ್ಟಗೆ ಕೂರುತ್ತದೆ, ಗಾಡಿ ಒಂದು ಕಡೆ ಎಳೆಯುತ್ತದೆ, ಸ್ಪ್ರಾಕೆಟ್ಟಿನ ಹಲ್ಲು ಒಂದೇ ಮಗ್ಗುಲು ಉಜ್ಜಿ ಹೊಳೆಯುತ್ತದೆ. ಸ್ವಿಂಗ್ ಆರ್ಮ್ ಮೇಲಿನ ಗೆರೆಗಳನ್ನು ಪೂರ್ತಿ ನಂಬದೆ, ಕೀಲಿನಿಂದ ಆಕ್ಸಲ್‌ವರೆಗೆ ಎರಡೂ ಬದಿ ಟೇಪ್ ಹಿಡಿದು ಅಳೆಯುವುದು ಒಳ್ಳೆಯದು. ಹಿಂದೆ ಕುಳಿತು ಒಂದು ಕಣ್ಣು ಮುಚ್ಚಿ ನೋಡಿದರೆ ಚೈನ್ ನೆಟ್ಟಗೆ ಕಾಣಬೇಕು. ನಟ್ ಬಿಗಿದ ಮೇಲೆ ಸಡಿಲವನ್ನು ಇನ್ನೊಮ್ಮೆ ನೋಡಿ. ಡ್ರಮ್ ಬ್ರೇಕ್ ಇದ್ದರೆ ಪೆಡಲನ್ನೂ ಮತ್ತೆ ಹೊಂದಿಸಿ, ಚಕ್ರ ಹಿಂದಕ್ಕೆ ಸರಿದಿದೆಯಲ್ಲ. ಹಿಂದಿನ ಸ್ಪ್ರಾಕೆಟ್ಟಿನಿಂದ ಚೈನನ್ನು ಎಳೆದಾಗ ಅರ್ಧ ಹಲ್ಲು ಕಾಣುವಷ್ಟು ಎದ್ದರೆ ಅಡ್ಜಸ್ಟ್ ಮಾಡುವ ಕಾಲ ಮುಗಿಯಿತು. ಚೈನ್, ಎರಡೂ ಸ್ಪ್ರಾಕೆಟ್ ಒಟ್ಟಿಗೆ ಬದಲಿಸಿ. ಅತಿ ಸಡಿಲವೂ ಅಪಾಯವೇ. ಓಡುವಾಗ ಕಳಚಿ ಸಿಕ್ಕಿಕೊಂಡರೆ ಹಿಂದಿನ ಚಕ್ರ ಅಲ್ಲೇ ಕಚ್ಚಿ ನಿಲ್ಲಬಹುದು.

ಅಪ್ಪನಿಗೆ ಇದೆಲ್ಲ ಎಲ್ಲಿ ಗೊತ್ತು ಅಂತೀರಾ? ಅವರ ಹತ್ತಿರ ಯೆಜ್ಡಿ ಇತ್ತು. 1961ರಲ್ಲಿ ಜಾವಾ ಗಾಡಿಗಳನ್ನು ತಯಾರಿಸಲು ಶುರುಮಾಡಿ, ಮುಂದೆ ಯೆಜ್ಡಿ ಕೊಟ್ಟು, 1996ರಲ್ಲಿ ಬಾಗಿಲು ಹಾಕಿದ ನಮ್ಮ ಯಾದವಗಿರಿಯ ಐಡಿಯಲ್ ಜಾವಾ ಫ್ಯಾಕ್ಟರಿಯ ಗಾಡಿ. ಹಳೇ ಜಾವಾದಲ್ಲಿ ಚೈನ್ ಪೂರ್ತಿ ತಗಡಿನ ಕವಚದೊಳಗೆ ಇರುತ್ತಿತ್ತು, ಧೂಳು ಮಳೆ ತಾಗುತ್ತಿರಲಿಲ್ಲ. ನನ್ನ ಗಾಡಿಯ ಚೈನ್ ಬಟಾಬಯಲು. ಅಪ್ಪನಿಗೆ ಅದನ್ನು ಕಂಡರೆ ಈಗಲೂ ಬೇಸರ.

ಈಗ ಮೈಸೂರಿಗೆ ಹೊರಡುವ ಹಿಂದಿನ ದಿನ ನಾನೇ ಅಡ್ಜಸ್ಟ್ ಮಾಡುತ್ತೇನೆ, ಟೇಪ್ ಹಿಡಿದು, ಎರಡೂ ಬದಿ. ಅಪ್ಪ ಮಾತ್ರ ಪ್ರತಿ ಸಲವೂ ಬಗ್ಗಿ ಎರಡು ಬೆರಳಿಟ್ಟು ನೋಡುತ್ತಾರೆ. ಕಳೆದ ಸಲ ಏನೂ ಹೇಳದೆ, ಲುಂಗಿಗೆ ಕೈ ಒರೆಸಿಕೊಂಡು ಒಳಗೆ ಹೋದರು.