ಇನಿಷಿಯಲ್‌ನಲ್ಲಿ ಅಡಗಿರುವ ಮನೆತನ

ದಕ್ಷಿಣ ಕೊಡಗಿನ ಶ್ರೀಮಂಗಲ ಸುತ್ತಿನ ಊರುಗಳಲ್ಲಿ ಕೊಡವರೊಬ್ಬರ ಪೂರ್ಣ ಹೆಸರು ಕೇಳಿದರೆ ಅದರಲ್ಲಿ ಮೂರು ಭಾಗಗಳಿರುತ್ತವೆ: ಮೊದಲು ಒಕ್ಕದ ಹೆಸರು, ಬಳಿಕ ತಂದೆಯ ಹೆಸರು, ಕೊನೆಗೆ ಸ್ವಂತ ಹೆಸರು. ಕರ್ನಾಟಕದ ಬೇರೆಡೆ ಇನಿಷಿಯಲ್‌ನ ಮೊದಲ ಅಕ್ಷರ ಸಾಮಾನ್ಯವಾಗಿ ಊರನ್ನೋ ತಂದೆಯನ್ನೋ ಸೂಚಿಸುತ್ತದೆ. ಕೊಡವರಲ್ಲಿ ಅದು ಮನೆತನದ ಗುರುತು.

ಒಬ್ಬ ಮೂಲಪುರುಷನ ಗಂಡು ಸಂತತಿಯವರೆಲ್ಲ ಸೇರಿ ಒಂದು ಒಕ್ಕ. ಅನೇಕ ಒಕ್ಕದ ಹೆಸರುಗಳು 'ಅಂಡ' ಅಥವಾ 'ಇರ' ಎಂದು ಮುಗಿಯುತ್ತವೆ. ಕೊಡವ ತಕ್ಕ್‌ನಲ್ಲಿ 'ಅವಂಡ' ಎಂದರೆ 'ಅವನ'. ಆದ್ದರಿಂದ ಒಕ್ಕದ ಹೆಸರು 'ಇಂಥವನ ಮನೆಯವರು' ಎಂದು ಹೇಳುವ ರೀತಿ. ಮೂಲ ಮನೆಯಾದ ಐನ್‌ಮನೆಗೂ ಅದೇ ಹೆಸರು. ಒಂದೇ ಒಕ್ಕದವರು ರಕ್ತಸಂಬಂಧಿಗಳು. ಅವರೊಳಗೆ ಮದುವೆ ನಿಷಿದ್ಧ.

1949ರ ಜನವರಿ 15ರಂದು ಭಾರತೀಯ ಸೇನೆಯ ಮೊದಲ ಭಾರತೀಯ ಮಹಾದಂಡನಾಯಕರಾದವರು ಕೆ.ಎಂ. ಕಾರ್ಯಪ್ಪ, 1957ರಲ್ಲಿ ಸೇನಾ ಮುಖ್ಯಸ್ಥರಾದವರು ಕೆ.ಎಸ್. ತಿಮ್ಮಯ್ಯ. ಇಬ್ಬರ 'ಕೆ' ಕೂಡ ಕೊಡಂದೇರ. ಬೆಂಗಳೂರಿನ ರೆಸಿಡೆನ್ಸಿ ರಸ್ತೆಗೆ ಕಾರ್ಯಪ್ಪನವರ, ರಿಚ್ಮಂಡ್ ರಸ್ತೆಗೆ ತಿಮ್ಮಯ್ಯನವರ ಹೆಸರಿದೆ. ಆದರೆ ಆ ರಸ್ತೆಗಳಲ್ಲಿ ಓಡಾಡುವವರಲ್ಲಿ ಕೊಡಂದೇರ ಎಂಬ ಹೆಸರನ್ನು ಬಲ್ಲವರು ವಿರಳ.

ಇದಕ್ಕೆ ವಿರುದ್ಧವಾದ ಕಥೆ ಫ್ರಾನ್ಸಿನದು. ವಿಮಾನ ತಯಾರಕ ಮಾರ್ಸೆಲ್ ಬ್ಲಾಕ್ ಎರಡನೇ ಮಹಾಯುದ್ಧದಲ್ಲಿ ನಾಜಿಗಳ ಸೆರೆಯಲ್ಲಿದ್ದರು. ಅವರ ಅಣ್ಣ ಭೂಗತ ಹೋರಾಟದಲ್ಲಿ ಇಟ್ಟುಕೊಂಡಿದ್ದ ಗುಪ್ತನಾಮ 'ಶಾರ್‌ದಾಸೋ'; ಫ್ರೆಂಚ್‌ನಲ್ಲಿ ಯುದ್ಧಟ್ಯಾಂಕಿಗೆ ಹೇಳುವ ಮಾತಿನಿಂದ ಅದು ಬಂದದ್ದು. ಯುದ್ಧಾನಂತರ ಅದರಿಂದಲೇ 'ಡಸಾಲ್ಟ್' ಎಂಬ ಕುಲನಾಮ ಹುಟ್ಟಿತು. ಇಂದು ಅದು ಒಂದು ಕುಟುಂಬದ, ಒಂದು ಕಂಪನಿಯ ಹೆಸರು. ಮಿರಾಜ್, ರಫೇಲ್‌ಗಳ ಮೂಲಕ ಜಗತ್ತಿಗೆಲ್ಲ ಪರಿಚಿತ.

1965ರ ಸೆಪ್ಟೆಂಬರ್ 7ರಂದು ಈ ಎರಡು ಬಗೆಯ ಹೆಸರುಗಳೂ ಒಂದೆಡೆ ಸೇರಿದವು. ಪಾಕಿಸ್ತಾನದ ಸರ್ಗೋಧಾ ವಾಯುನೆಲೆಯ ಮೇಲಿನ ದಾಳಿಯಲ್ಲಿ ಸ್ಕ್ವಾಡ್ರನ್ ಲೀಡರ್ ಎ.ಬಿ. ದೇವಯ್ಯ ನಡೆಸುತ್ತಿದ್ದುದು ಡಸಾಲ್ಟ್ ನಿರ್ಮಿತ ಮಿಸ್ಟೇರ್ ವಿಮಾನ. ತಮ್ಮದಕ್ಕಿಂತ ಎಷ್ಟೋ ವೇಗದ ಎಫ್-104 ವಿಮಾನವನ್ನು ಉರುಳಿಸಿದ ಅವರು ಮರಳಲಿಲ್ಲ. ಅವರ ಸಾಹಸ ಬಹುಕಾಲ ಭಾರತಕ್ಕೆ ತಿಳಿದಿರಲಿಲ್ಲ. ಮರಣೋತ್ತರ ಮಹಾವೀರ ಚಕ್ರ ಬಂದದ್ದು 1988ರಲ್ಲಿ. 'ಎ' ಎಂದರೆ ಅಜ್ಜಮಾಡ.

ಊರಿನಿಂದ ದೂರ ಹೋದಂತೆ ಹೆಸರು ಇನ್ನಷ್ಟು ಬದಲಾಗುತ್ತದೆ. ವಿದೇಶಿ ಅರ್ಜಿ ನಮೂನೆಗಳಿಗೆ ಕೊನೆಯ ಹೆಸರೇ ಕುಲನಾಮ. 2024ರಲ್ಲಿ ಆಸ್ಟ್ರೇಲಿಯನ್ ಓಪನ್ ಡಬಲ್ಸ್ ಗೆದ್ದ ರೋಹನ್ ಅವರನ್ನು ಜಗತ್ತು 'ಬೋಪಣ್ಣ' ಎಂದು ಕರೆಯುತ್ತದೆ. ಅದು ತಂದೆಯ ಹೆಸರು. ಒಕ್ಕದ ಹೆಸರು ಮಚ್ಚಂಡ.

ಈ ಮರೆವಿಗೆ ಮದ್ದೆಂಬಂತೆ ಬಂದದ್ದು ಕೊಡವ ಹಾಕಿ ಹಬ್ಬ. ಪಾಂಡಂಡ ಕುಟ್ಟಪ್ಪನವರ ಪ್ರಯತ್ನದಿಂದ 1997ರಲ್ಲಿ ಕರಡದಲ್ಲಿ ಆರಂಭವಾದಾಗ ಸುಮಾರು 60 ತಂಡಗಳಿದ್ದವು. 2024ರ ನಾಪೋಕ್ಲು ಹಬ್ಬಕ್ಕೆ 360 ತಂಡಗಳು ಹೆಸರು ನೋಂದಾಯಿಸಿದವು. ಒಂದು ಒಕ್ಕಕ್ಕೆ ಒಂದು ತಂಡ. ಕಪ್‌ಗೆ ಹಬ್ಬ ನಡೆಸುವ ಒಕ್ಕದ ಹೆಸರು. ಬೆಂಗಳೂರಿನಲ್ಲೋ ದುಬೈಯಲ್ಲೋ ಕೆಲಸದಲ್ಲಿರುವ ಯುವಕರು ರಜೆ ಹಾಕಿ ಬಂದು ಅಜ್ಜಂದಿರ ಜೊತೆಗೂಡಿ ಆಡುತ್ತಾರೆ. ವರ್ಷವಿಡೀ ಒಂದೇ ಅಕ್ಷರವಾಗಿದ್ದ ಮನೆಹೆಸರನ್ನು ಆ ಕೆಲವು ದಿನ ಮೈದಾನದ ಧ್ವನಿವರ್ಧಕ ಪೂರ್ತಿಯಾಗಿ ಕೂಗುತ್ತದೆ.