ಸೂಪರ್‌ಚಾರ್ಜರ್, ನೈಟ್ರಸ್ ಕಾರಿಗೆ ಎಷ್ಟು ಸಿಸಿ ಎಂಜಿನ್ ಸೂಕ್ತ?

ತಾವರಗೇರಾ: ಕುಷ್ಟಗಿ ತಾಲೂಕಿನ ಹೊಲಗಳಲ್ಲಿ ಉಳುಮೆ ಮಾಡುವ 45-50 ಅಶ್ವಶಕ್ತಿಯ ಟ್ರ್ಯಾಕ್ಟರಿನ ಎಂಜಿನ್ ಸಾಮಾನ್ಯವಾಗಿ 2,700ರಿಂದ 3,000 ಸಿಸಿ ಗಾತ್ರದ್ದು. ಹೊಲದ ಪಕ್ಕದ ರಸ್ತೆಯಲ್ಲಿ ಸಾಗುವ ಮಾರುತಿ ಸ್ವಿಫ್ಟ್‌ನ 1,197 ಸಿಸಿ ಎಂಜಿನ್ 80ಕ್ಕೂ ಹೆಚ್ಚು ಅಶ್ವಶಕ್ತಿ ನೀಡುತ್ತದೆ. ಸಿಸಿ ಹೆಚ್ಚಿದಷ್ಟೂ ಶಕ್ತಿ ಹೆಚ್ಚು ಎಂಬ ನಂಬಿಕೆ ಅರ್ಧ ಮಾತ್ರ ನಿಜ ಎಂಬುದಕ್ಕೆ ಇದಕ್ಕಿಂತ ಹತ್ತಿರದ ಉದಾಹರಣೆ ಬೇಕಿಲ್ಲ. ಟ್ರ್ಯಾಕ್ಟರ್ ನಿಮಿಷಕ್ಕೆ ಸುಮಾರು 2,000 ಸುತ್ತು ತಿರುಗಿದರೆ, ಕಾರಿನ ಎಂಜಿನ್ 6,000 ಸುತ್ತು ತಿರುಗುತ್ತದೆ. ಎಂಜಿನ್ ಒಂದು ನಿಮಿಷದಲ್ಲಿ ಎಷ್ಟು ಗಾಳಿ ಸೇವಿಸುತ್ತದೆ ಎಂಬುದೇ ಮುಖ್ಯ.

ಸೂಪರ್‌ಚಾರ್ಜರ್ ಹಾಗೂ ನೈಟ್ರಸ್ ಅಳವಡಿಸಿ ಕಾರಿನ ವೇಗ ಹೆಚ್ಚಿಸುವ ಹವ್ಯಾಸ ಬೆಂಗಳೂರಿಗಷ್ಟೇ ಸೀಮಿತವಲ್ಲ. ಸಣ್ಣ ಪಟ್ಟಣಗಳ ಯುವಕರಲ್ಲೂ ಈ ಬಗ್ಗೆ ಕುತೂಹಲವಿದೆ. ಆದರೆ ಯಾವ ಸೂಪರ್‌ಚಾರ್ಜರ್ ಎಂದು ಕೇಳುವವರೇ ಹೆಚ್ಚು, ಎಷ್ಟು ಸಿಸಿಯ ಎಂಜಿನ್‌ಗೆ ಎಂದು ಕೇಳುವವರು ಕಡಿಮೆ. ವಾಸ್ತವದಲ್ಲಿ ಎರಡನೆಯ ಪ್ರಶ್ನೆಯೇ ಮೊದಲು ಬರಬೇಕು.

ಸಿಸಿ ಲೆಕ್ಕ ಹೇಗೆ?

ಸಿಲಿಂಡರಿನೊಳಗೆ ಪಿಸ್ಟನ್ ಮೇಲಿನಿಂದ ಕೆಳಕ್ಕೆ ಚಲಿಸುವಾಗ ತೆರವಾಗುವ ಜಾಗವನ್ನು ಸಿಲಿಂಡರುಗಳ ಸಂಖ್ಯೆಯಿಂದ ಗುಣಿಸಿದರೆ ಎಂಜಿನ್‌ನ ಸಿಸಿ ದೊರೆಯುತ್ತದೆ. ಮಾರುತಿಯ ನಾಲ್ಕು ಸಿಲಿಂಡರಿನ ಕೆ-12 ಎಂಜಿನ್‌ನಲ್ಲಿ ಸಿಲಿಂಡರಿನ ವ್ಯಾಸ 73 ಮಿ.ಮೀ., ಪಿಸ್ಟನ್ ಚಲಿಸುವ ದೂರ 71.5 ಮಿ.ಮೀ. ಲೆಕ್ಕ ಹಾಕಿದರೆ ಸರಿಯಾಗಿ 1,197 ಸಿಸಿ. ಹಳೆಯ ಮಾರುತಿ 800ರ ಮೂರು ಸಿಲಿಂಡರಿನ ಎಂಜಿನ್ 796 ಸಿಸಿ, ಫೋಕ್ಸ್‌ವ್ಯಾಗನ್ ವೆಂಟೊದ 1.6 ಲೀಟರ್ ಎಂಜಿನ್ 1,598 ಸಿಸಿ.

ಈ ಗಾತ್ರಕ್ಕೆ ವಾತಾವರಣದ ಒತ್ತಡದಲ್ಲಿ ಹಿಡಿಸುವುದಕ್ಕಿಂತ ಹೆಚ್ಚು ಗಾಳಿಯನ್ನು ಒತ್ತಿ ತುಂಬುವುದೇ ಸೂಪರ್‌ಚಾರ್ಜರಿನ ಕೆಲಸ. ಅದು ಎಂಜಿನ್‌ನ ಬೆಲ್ಟ್‌ನಿಂದಲೇ ತಿರುಗುತ್ತದೆ. ಹೊಗೆಯ ರಭಸದಿಂದ ತಿರುಗುವ ಟರ್ಬೊಗೂ ಇದಕ್ಕೂ ಇರುವ ವ್ಯತ್ಯಾಸ ಇದು. ಭಾರತದಲ್ಲಿ ಮಾರಾಟವಾದ ಮರ್ಸಿಡಿಸ್ ಸಿ-200 ಕಾರಿನ ಹಿಂಬದಿಯಲ್ಲಿದ್ದ 'ಕಾಂಪ್ರೆಸರ್' ಎಂಬ ಬರಹ ಸೂಪರ್‌ಚಾರ್ಜರಿನ ಜರ್ಮನ್ ಹೆಸರು. ಅದರ ಎಂಜಿನ್ 1,796 ಸಿಸಿ. ಇದೇ ಗಾತ್ರದ ಎಂಜಿನ್ ಸಿ-180 ಮಾದರಿಯಲ್ಲಿ 143 ಅಶ್ವಶಕ್ತಿ, ಸಿ-200ರಲ್ಲಿ 163 ಅಶ್ವಶಕ್ತಿ ನೀಡುತ್ತಿತ್ತು. ಸಿಸಿ ಒಂದೇ, ಫಲಿತಾಂಶ ಬೇರೆ.

ಬಿಸಿಲೇ ದೊಡ್ಡ ಶತ್ರು

ಕಾಗದದ ಲೆಕ್ಕ ಸುಲಭ. ಗಾಳಿಯ ಒತ್ತಡವನ್ನು ಒಂದೂವರೆ ಪಟ್ಟು ಮಾಡಿದರೆ 1,197 ಸಿಸಿ ಎಂಜಿನ್ ಸುಮಾರು 1,800 ಸಿಸಿ ಎಂಜಿನ್‌ನಂತೆ ಕೆಲಸ ಮಾಡಬೇಕು. ಆದರೆ ಸೈಕಲ್ ಪಂಪು ಹೊಡೆದವರಿಗೆಲ್ಲ ತಿಳಿದಿರುವಂತೆ, ಒತ್ತಿದ ಗಾಳಿ ಬಿಸಿಯಾಗುತ್ತದೆ. ಬಿಸಿಯಾದ ಗಾಳಿ ಹಿಗ್ಗುತ್ತದೆ, ಅದರಲ್ಲಿರುವ ಆಮ್ಲಜನಕದ ಸಾಂದ್ರತೆ ತಗ್ಗುತ್ತದೆ.

ಕೊಪ್ಪಳ ಜಿಲ್ಲೆಯ ಬೇಸಿಗೆಯ 42 ಡಿಗ್ರಿ ಸೆಲ್ಸಿಯಸ್ ಗಾಳಿಯನ್ನು ಶೇ 60ರಷ್ಟು ದಕ್ಷತೆಯ ಸೂಪರ್‌ಚಾರ್ಜರ್ ಒಂದೂವರೆ ಪಟ್ಟು ಒತ್ತಿದರೆ, ಹೊರಬರುವ ಗಾಳಿಯ ಉಷ್ಣಾಂಶ ಸುಮಾರು 106 ಡಿಗ್ರಿ ತಲುಪುತ್ತದೆ. ಆಗ ಸಾಂದ್ರತೆ ಹೆಚ್ಚುವುದು ಒಂದೂವರೆ ಪಟ್ಟಲ್ಲ, ಒಂದೂಕಾಲು ಪಟ್ಟು ಮಾತ್ರ. 1,800 ಸಿಸಿಯ ಕನಸು 1,500ರ ಆಸುಪಾಸಿಗೆ ಇಳಿಯುತ್ತದೆ. ಇಂಟರ್‌ಕೂಲರ್ ಅಳವಡಿಸಿ ಗಾಳಿಯನ್ನು 60 ಡಿಗ್ರಿಗೆ ತಂಪಾಗಿಸಿದರೆ 1,700ರವರೆಗೆ ಬರಬಹುದು. ಸೂಪರ್‌ಚಾರ್ಜರನ್ನು ತಿರುಗಿಸಲು ಎಂಜಿನ್ ವ್ಯಯಿಸುವ ಶಕ್ತಿ ಇದರಲ್ಲಿ ಕಳೆದಿಲ್ಲ.

ಈಗ 1,598 ಸಿಸಿ ಎಂಜಿನ್ ತೆಗೆದುಕೊಳ್ಳೋಣ. ಒತ್ತಡವನ್ನು ಕೇವಲ ಒಂದೂಕಾಲು ಪಟ್ಟು ಮಾಡಿದರೆ ಗಾಳಿ ಸುಮಾರು 77 ಡಿಗ್ರಿಗೆ ನಿಲ್ಲುತ್ತದೆ. ಇಂಟರ್‌ಕೂಲರ್ ಇಲ್ಲದೆಯೇ ಅದು 1,800 ಸಿಸಿಗೆ ಸಮನಾಗುತ್ತದೆ. ಸಣ್ಣ ಎಂಜಿನ್ ಹೆಚ್ಚು ಒತ್ತಡ, ಖರ್ಚು ಮತ್ತು ಅಪಾಯದ ನಂತರವೂ ತಲುಪದ ಗುರಿಯನ್ನು ದೊಡ್ಡ ಎಂಜಿನ್ ಸಲೀಸಾಗಿ ತಲುಪಿತು. ಉತ್ತರ ಕರ್ನಾಟಕದ ಹವೆಯಲ್ಲಿ ದೊಡ್ಡ ಸಿಸಿ, ಕಡಿಮೆ ಒತ್ತಡ ಎಂಬ ಸೂತ್ರವೇ ಮೇಲು ಎಂದು ಈ ವರದಿಗಾರ ಭಾವಿಸಲು ಕಾರಣ ಇದೇ.

ಬಿಸಿ ಗಾಳಿಯ ಇನ್ನೊಂದು ಕಾಟ 'ನಾಕಿಂಗ್'. ಕಿಡಿ ಹೊತ್ತಿಸಿದ ಜ್ವಾಲೆ ತಲುಪುವ ಮುನ್ನವೇ ಉಳಿದ ಪೆಟ್ರೋಲ್ ತಾನಾಗಿ ಸ್ಫೋಟಿಸಿ ಪಿಸ್ಟನ್‌ಗೆ ಸುತ್ತಿಗೆಯಂತೆ ಬಡಿಯುವ ಸ್ಥಿತಿ ಇದು. ಇಂದಿನ ಸಣ್ಣ ಎಂಜಿನ್‌ಗಳನ್ನು ಮೈಲೇಜ್‌ಗಾಗಿ 11:1 ಅಥವಾ 12:1ರ ಸಂಕೋಚನ ಅನುಪಾತದಲ್ಲಿ ರೂಪಿಸಲಾಗಿದೆ. ಇವುಗಳ ಮೇಲೆ ಮತ್ತೆ ಒತ್ತಡ ಹೇರುವುದು ಬೆಂಕಿಯ ಜತೆ ಆಟ. ಶೇ 20ರಷ್ಟು ಎಥೆನಾಲ್ ಬೆರೆತ ಪೆಟ್ರೋಲಿನ ಆಕ್ಟೇನ್ ಸುಮಾರು 95 ಇರುವುದರಿಂದ ನಾಕಿಂಗ್ ತಡೆಯಲು ಸ್ವಲ್ಪ ನೆರವಾಗುತ್ತದೆಂಬುದು ನಿಜ. ಆದರೆ ಎಥೆನಾಲ್‌ನಲ್ಲಿ ಶಕ್ತಿ ಕಡಿಮೆಯಾದ್ದರಿಂದ ಹೆಚ್ಚು ಇಂಧನ ಸುರಿಯಬೇಕು. ಇಂಜೆಕ್ಟರ್ ಮತ್ತು ಪಂಪಿಗೆ ಆ ತಾಕತ್ತಿರಬೇಕು.

ನೈಟ್ರಸ್: ಸಿಲಿಂಡರಿಗೆ ಹಂಚಿ ನೋಡಿ

ಆಸ್ಪತ್ರೆಗಳಲ್ಲಿ ಅರಿವಳಿಕೆಗೆ ಬಳಸುವ ನೈಟ್ರಸ್ ಆಕ್ಸೈಡ್ ಸ್ವತಃ ಉರಿಯುವ ಅನಿಲವಲ್ಲ. ಸಿಲಿಂಡರಿನ ಶಾಖಕ್ಕೆ ಅದು ಒಡೆದು ಆಮ್ಲಜನಕ ಬಿಡುಗಡೆ ಮಾಡುತ್ತದೆ. ತೂಕದಲ್ಲಿ ಅದರ ಶೇ 36 ಭಾಗ ಆಮ್ಲಜನಕ, ಗಾಳಿಯಲ್ಲಿ ಶೇ 23 ಮಾತ್ರ. ದ್ರವರೂಪದ ನೈಟ್ರಸ್ ಮೈನಸ್ 88 ಡಿಗ್ರಿಯಲ್ಲಿ ಕುದಿಯುವುದರಿಂದ, ಸೂಪರ್‌ಚಾರ್ಜರ್ ಬಿಸಿ ಮಾಡಿದ ಗಾಳಿಯನ್ನು ಕ್ಷಣಾರ್ಧದಲ್ಲಿ ತಣ್ಣಗಾಗಿಸುತ್ತದೆ. ಎರಡನ್ನೂ ಜೋಡಿಯಾಗಿ ಬಳಸುವುದರ ಹಿಂದಿನ ತರ್ಕ ಇದು. ಎರಡನೇ ಮಹಾಯುದ್ಧದಲ್ಲಿ ಜರ್ಮನ್ ವಾಯುಪಡೆ ಎತ್ತರದಲ್ಲಿ ಹಾರುವ ವಿಮಾನಗಳಿಗೆ 'ಜಿಎಂ-1' ಹೆಸರಿನಲ್ಲಿ ಇದನ್ನೇ ಬಳಸಿತ್ತು.

ಸೂಪರ್‌ಚಾರ್ಜರ್ ಎಂಜಿನ್ ಗಾತ್ರಕ್ಕೆ ಅನುಗುಣವಾಗಿ ಶಕ್ತಿ ಹೆಚ್ಚಿಸುತ್ತದೆ. ನೈಟ್ರಸ್ ಹಾಗಲ್ಲ, 50 ಅಶ್ವಶಕ್ತಿಯ ಕಿಟ್ ಯಾವ ಎಂಜಿನ್‌ಗೆ ಹಾಕಿದರೂ ಸುಮಾರು 50 ಅನ್ನೇ ಸೇರಿಸುತ್ತದೆ. ಹೀಗಾಗಿ ಅದನ್ನು ಸಿಲಿಂಡರಿಗೆ ಹಂಚಿ ನೋಡಬೇಕು. 37 ಅಶ್ವಶಕ್ತಿಯ ಹಳೆಯ ಮಾರುತಿ 800ರಲ್ಲಿ ಪ್ರತಿ ಸಿಲಿಂಡರಿನ ಪಾಲು ಸುಮಾರು 12. ಇದರ ಮೇಲೆ ನೈಟ್ರಸ್ 17 ಸೇರಿಸುತ್ತದೆ, ಅಂದರೆ ಹೊರೆ ಎರಡು ಪಟ್ಟಿಗಿಂತ ಹೆಚ್ಚು. 105 ಅಶ್ವಶಕ್ತಿಯ 1,598 ಸಿಸಿ ಎಂಜಿನ್‌ನಲ್ಲಿ ಸಿಲಿಂಡರಿನ 26ಕ್ಕೆ ಸೇರುವುದು 12.5, ಒಂದೂವರೆ ಪಟ್ಟಿನೊಳಗೆ. ಪಿಸ್ಟನ್ ಮತ್ತು ಕನೆಕ್ಟಿಂಗ್ ರಾಡ್ ಉಳಿಯುತ್ತವೆಯೋ ಇಲ್ಲವೋ ಎಂಬುದು ಈ ಲೆಕ್ಕದಲ್ಲೇ ಅಡಗಿದೆ. ಕಡಿಮೆ ಸುತ್ತಿನಲ್ಲಿ ನೈಟ್ರಸ್ ಬಿಟ್ಟರೆ ಅದೇ ಪ್ರಮಾಣ ಕೆಲವೇ ಸ್ಟ್ರೋಕ್‌ಗಳಿಗೆ ಹಂಚಿಕೆಯಾಗಿ ಹೊಡೆತ ಇನ್ನೂ ಜೋರಾಗುತ್ತದೆ. ಆದ್ದರಿಂದ 3,000 ಸುತ್ತು ದಾಟಿ, ಆಕ್ಸಿಲರೇಟರ್ ಪೂರ್ತಿ ಒತ್ತಿದಾಗ ಮಾತ್ರ ಬಿಡುವುದು ವಾಡಿಕೆ.

ಇಲ್ಲೂ ನಮ್ಮ ಬಿಸಿಲು ಅಡ್ಡ ಬರುತ್ತದೆ. 36.4 ಡಿಗ್ರಿಗಿಂತ ಮೇಲೆ ನೈಟ್ರಸ್ ಎಷ್ಟೇ ಒತ್ತಡದಲ್ಲೂ ದ್ರವವಾಗಿ ಉಳಿಯದು. ಮೇ ತಿಂಗಳ ಮಧ್ಯಾಹ್ನ ಮುಚ್ಚಿದ ಕಾರಿನ ಡಿಕ್ಕಿಯಲ್ಲಿರುವ ಬಾಟಲಿ ಈ ಮಿತಿಯನ್ನು ಬಲು ಬೇಗ ದಾಟುತ್ತದೆ. ಒಳಗಿನ ಒತ್ತಡ ಏರುತ್ತದೆ, ಎಂಜಿನ್‌ಗೆ ಹೋಗುವ ಪ್ರಮಾಣ ಏರುಪೇರಾಗುತ್ತದೆ. ಅದಕ್ಕೆ ತಕ್ಕ ಪೆಟ್ರೋಲ್ ಸಿಗದಿದ್ದರೆ ಪಿಸ್ಟನ್ ಕರಗುತ್ತದೆ.

ನಿಯಮಗಳೂ ಸಿಸಿ ನಿರ್ಧರಿಸುತ್ತವೆ

ಜಗತ್ತಿನ ದೊಡ್ಡ ಕಂಪನಿಗಳು ಸಿಸಿ ಆಯ್ದುಕೊಂಡದ್ದು ಅನೇಕ ವೇಳೆ ನಿಯಮಪುಸ್ತಕ ನೋಡಿ. 1985ರ ಲ್ಯಾನ್ಸಿಯಾ ಡೆಲ್ಟಾ ಎಸ್-4 ರ‍್ಯಾಲಿ ಕಾರಿಗೆ ಸೂಪರ್‌ಚಾರ್ಜರ್, ಟರ್ಬೊ ಎರಡೂ ಇದ್ದವು. ಅಂಥ ಎಂಜಿನ್‌ನ ಸಿಸಿಯನ್ನು 1.4ರಿಂದ ಗುಣಿಸಬೇಕೆಂಬ ನಿಯಮವಿತ್ತು. 2,500 ಸಿಸಿ ವರ್ಗದೊಳಗೆ ಉಳಿಯಲು ಲ್ಯಾನ್ಸಿಯಾ 1,759 ಸಿಸಿ ಆರಿಸಿತು, ಗುಣಿಸಿದರೆ 2,463. ಮುಂದೆ ಗುಣಕ 1.7 ಆದಾಗ, 1,600ರ ವರ್ಗಕ್ಕಾಗಿ ನಿಸ್ಸಾನ್ ತನ್ನ ಮಾರ್ಚ್ ಕಾರಿಗೆ 930 ಸಿಸಿ ಎಂಜಿನ್ ರೂಪಿಸಿತು.

ಭಾರತದಲ್ಲಿ ಈ ಕೆಲಸ ಮಾಡಿದ್ದು ತೆರಿಗೆ. 2006ರ ಕೇಂದ್ರ ಬಜೆಟ್ ನಾಲ್ಕು ಮೀಟರ್ ಒಳಗಿನ, ಪೆಟ್ರೋಲ್‌ಗೆ 1,200, ಡೀಸೆಲ್‌ಗೆ 1,500 ಸಿಸಿ ಮೀರದ ಕಾರುಗಳಿಗೆ ಅಬಕಾರಿ ಸುಂಕವನ್ನು ಶೇ 24ರಿಂದ 16ಕ್ಕೆ ಇಳಿಸಿತು. 2025ರ ಸೆಪ್ಟೆಂಬರ್ 22ರಿಂದ ಜಾರಿಯಾದ ಜಿಎಸ್‌ಟಿ ದರಗಳಲ್ಲೂ ಇದೇ ಗೆರೆ ಉಳಿದಿದೆ: ಒಳಗಿದ್ದರೆ ಶೇ 18, ಮೀರಿದರೆ ಶೇ 40. ಸೆಕೆಂಡ್ ಹ್ಯಾಂಡ್ ಮಾರುಕಟ್ಟೆಯಲ್ಲಿ ಎಲ್ಲಿ ನೋಡಿದರೂ 1,197, 1,199 ಸಿಸಿ ಕಾರುಗಳೇ ಕಾಣುವುದಕ್ಕೆ, 1.6 ಲೀಟರ್ ಪೆಟ್ರೋಲ್ ಕಾರು ಹುಡುಕಬೇಕಾಗುವುದಕ್ಕೆ ಇದೇ ಕಾರಣ.

ಹಾಗಾದರೆ ಸಣ್ಣ ಕಾರಿಗೆ ದೊಡ್ಡ ಎಂಜಿನ್ ಕೂರಿಸಬಹುದಲ್ಲವೇ? ಕಾನೂನು ಒಪ್ಪುವುದಿಲ್ಲ. ಸಿಸಿ ಆರ್‌ಸಿಯಲ್ಲಿ ದಾಖಲಾಗಿರುತ್ತದೆ. ನೋಂದಣಿ ವಿವರಗಳು ತಯಾರಕರ ಮೂಲ ವಿವರಕ್ಕಿಂತ ಭಿನ್ನವಾಗುವಂತೆ ವಾಹನ ಬದಲಿಸುವುದನ್ನು ಮೋಟಾರು ವಾಹನ ಕಾಯ್ದೆಯ 52ನೇ ಕಲಂ ನಿಷೇಧಿಸುತ್ತದೆ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಇದನ್ನು ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿಯಂತೆ ಅಕ್ರಮ ಮಾರ್ಪಾಡಿಗೆ ಮಾಲೀಕನಿಗೆ ಆರು ತಿಂಗಳವರೆಗೆ ಸಜೆ, ಅಥವಾ ಪ್ರತಿ ಮಾರ್ಪಾಡಿಗೆ 5,000 ರೂಪಾಯಿ ದಂಡ, ಅಥವಾ ಎರಡೂ. ನೈಟ್ರಸ್ ತುಂಬಿಸಲು, ದಾಸ್ತಾನು ಮಾಡಲು ಅನಿಲ ಸಿಲಿಂಡರ್ ನಿಯಮಗಳು-2016 ಅನ್ವಯಿಸುತ್ತವೆ.

ಹೀಗಾಗಿ ಕೆಎ-37 ಫಲಕದ ಕಾರನ್ನು ಮಾರ್ಪಡಿಸಿ ಕೊಪ್ಪಳದ ರಸ್ತೆಗಿಳಿಸುವ ಮಾತೇ ಇಲ್ಲ. ಇಂಥ ಕಾರು ಟ್ರಕ್ಕಿನ ಮೇಲೇರಿ ಚೆನ್ನೈ ಬಳಿಯ ಇರುಂಗಾಟ್ಟುಕೋಟೈ ಅಥವಾ ಕೊಯಮತ್ತೂರಿನ ಕರಿ ಸ್ಪೀಡ್‌ವೇಯಂಥ ರೇಸ್ ಪಥಕ್ಕೆ ಹೋಗಬೇಕು, ಹಾಗೆಯೇ ಮರಳಬೇಕು. ಅಲ್ಲೂ ಸ್ಪರ್ಧೆಗೆ ಇಳಿಯುವ ಮುನ್ನ ಆಯಾ ವರ್ಗದ ಸಿಸಿ ಮಿತಿಯನ್ನು, ಸೂಪರ್‌ಚಾರ್ಜರ್ ಮತ್ತು ನೈಟ್ರಸ್‌ಗೆ ಅವಕಾಶವಿದೆಯೇ ಎಂಬುದನ್ನು ಸಂಘಟಕರಿಂದ ಕೇಳಿಕೊಂಡೇ ಎಂಜಿನ್ ಖರೀದಿಸುವುದು ಲೇಸು.